ತಪ್ಪು ಒಪ್ಪು

ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ತಾಮ್ರದ ಹಂಡೆಯ ಪಕ್ಕ, ಒಂದು ಗೋಣಿಚೀಲವಿದೆ. ಅದರೊಳಗೆ 172 ಪುಸ್ತಕಗಳು. ನೀಲಿ ರಕ್ಷಾಪುಟ, ಮೇಲೊಂದು ಹಡಗಿನ ಚಿತ್ರ, ಒಟ್ಟು 64 ಪುಟ. ಬರೆದವನು ನಾನು, ಕೈಯಿಂದ ದುಡ್ಡು ಹಾಕಿ ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿದವನೂ ನಾನು. ತೆಗೆಸಿದ್ದು 300 ಪ್ರತಿ. ಚೀಲದಲ್ಲಿರುವ 172ರ ಬಗ್ಗೆ ನನಗೇನೂ ಚಿಂತೆಯಿಲ್ಲ, ಅವನ್ನು ಇಲಿ ತಿಂದರೆ ಇಲಿಗೆ ಪುಣ್ಯ. ನಾಲ್ಕು ತಾಲ್ಲೂಕು ತಿರುಗಿ ಶಾಲು ಹೊದೆಸಿಕೊಂಡು ನನ್ನ ಕೈಯಾರೆ ಹಂಚಿದೆನಲ್ಲ, ಆ 128 ಪ್ರತಿಗಳೇ ನಿದ್ದೆ ಕೆಡಿಸುತ್ತವೆ.

ನಾನು ಹಾನಗಲ್ಲಿನವನು. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ 2017ರಲ್ಲಿ ನಿವೃತ್ತನಾದೆ. ಮರುವರ್ಷ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಮಗಳು ಅಳಿಯ ಇರುವ ಹ್ಯಾಂಬರ್ಗಿಗೆ ಹೋದೆವು. ಇದ್ದದ್ದು 19 ದಿನ. ಹೊರಡುವ ಮುಂಚೆಯೇ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ 200 ಪುಟದ ನೋಟ್‌ಬುಕ್ ಕೊಂಡಿದ್ದೆ. ಪ್ರತಿ ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದು ಎಡಕ್ಕೆ ‘ಅಲ್ಲಿ’, ಬಲಕ್ಕೆ ‘ಇಲ್ಲಿ’ ಎಂದು ತಲೆಬರಹ ಕೊಟ್ಟೆ. ಕನ್ನಡ ಮಾಸ್ತರನಿಗೆ ತುಲನೆ ಎಂದರೆ ಪ್ರಾಣ. ಬೆಂಗಳೂರಿನಲ್ಲಿ ವಿಮಾನ ಹತ್ತಿ ಕೂತು ಪೆನ್ನು ತೆಗೆದವನು ಮೊದಲು ತುಂಬಿದ್ದು ‘ಇಲ್ಲಿ’ ಕಾಲಮ್ಮನ್ನು: ಕಸ, ಉಗುಳು, ಹೇಳಿದ ಹೊತ್ತಿಗೆ ಬಾರದ ಬಸ್ಸು, ಮುಗಿಯದ ಕಾಮಗಾರಿ, ಕೇಳುವವರಿಲ್ಲದ ಹಳೆಯ ಗುಡಿ. ಜರ್ಮನಿಯ ನೆಲ ಮುಟ್ಟುವ ಹೊತ್ತಿಗೆ ಬಲಗಡೆ ಆರು ಪುಟ ತುಂಬಿದ್ದವು. ಎಡಗಡೆಗೆ ಇವೆಲ್ಲದರ ವಿರುದ್ಧಪದ ಹುಡುಕುವುದಷ್ಟೇ ಬಾಕಿ.

ಹ್ಯಾಂಬರ್ಗ್ ಜರ್ಮನಿಯ ಎರಡನೇ ದೊಡ್ಡ ನಗರ, ಎಲ್ಬೆ ನದಿಯ ಮೇಲಿನ ಬಂದರು. ಬಂದರು 1189ರಲ್ಲಿ ಹುಟ್ಟಿತೆಂದು ವರ್ಷವರ್ಷವೂ ಮೇ ತಿಂಗಳಲ್ಲಿ ಅದರ ಹುಟ್ಟುಹಬ್ಬ ಮಾಡುತ್ತಾರೆ. ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರು ದಿನದ ಟಿಕೆಟ್ ತೆಗೆಸಿ ತಿರುಗುತ್ತಿದ್ದೆವು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಯಾವಾಗ ಎದುರಾದರೂ ಜನ ‘ಮೊಯಿನ್’ ಎನ್ನುತ್ತಾರೆ. ನಮ್ಮ ಕಡೆ ‘ಶರಣ್ರಿ’ ಅನ್ನೋದಿಲ್ಲವೆ, ಹಾಗೆ. ನದಿಯ ಅಡಿಯಲ್ಲಿ 1911ರಲ್ಲೇ ತೆರೆದ ಸುರಂಗವಿದೆ. 24 ಮೀಟರ್ ಕೆಳಗೆ ಲಿಫ್ಟಿನಲ್ಲಿ ಇಳಿದು 426 ಮೀಟರ್ ನಡೆದರೆ ಆಚೆ ದಡ. ಬಿಳಿ ಟೈಲ್ಸಿನ ಗೋಡೆಯಲ್ಲಿ ಮೀನು, ಏಡಿಗಳ ಉಬ್ಬುಚಿತ್ರಗಳು. ಇದನ್ನೆಲ್ಲ ಚೆನ್ನಾಗಿಯೇ ಬರೆದಿದ್ದೇನೆ, ಆ ಪುಟಗಳಲ್ಲಿ ತಪ್ಪಿಲ್ಲ.

ಭಾನುವಾರದ ಮೀನು ಬಜಾರಿಗೂ ಹೋದೆವು. 1703ರಿಂದ ನಡೆಯುವ ಸಂತೆ. ಬೇಸಿಗೆಯಲ್ಲಿ ನಸುಕಿನ 5ಕ್ಕೆ ಶುರುವಾದರೆ ಒಂಬತ್ತೂವರೆಗೆ ಬಂದ್. ಲಾರಿಯ ಮೇಲೆ ನಿಂತ ದಡೂತಿ ಮನುಷ್ಯ ಗಂಟಲು ಹರಿಯುವಂತೆ ಕೂಗುತ್ತ ಬಾಳೆಗೊನೆ, ಅನಾನಸು, ದ್ರಾಕ್ಷಿ ಒಂದರ ಮೇಲೊಂದು ಬುಟ್ಟಿಗೆ ಎಸೆಯುತ್ತಾನೆ, ಜನ ನಗುತ್ತಾರೆ, ಮತ್ತೊಬ್ಬ ಹೊಗೆಯಾಡಿಸಿದ ಹಾವುಮೀನು ಹಿಡಿದು ಅವನಿಗಿಂತ ಜೋರಾಗಿ ಬೈಯುತ್ತಾನೆ. ನನ್ನ ಹೆಂಡತಿ ಅಂದಳು, “ಥೇಟ್ ನಮ್ಮ ಸಂತೀನ ಐತಿ ನೋಡ್ರಿ. ಆ ದಪ್ಪಾಂವ ನಮ್ಮ ಉಳ್ಳಾಗಡ್ಡಿ ಮಾರಾವನಂಗ ಒದರಾಕತ್ತಾನ.” ನಾನು ನೋಟ್‌ಬುಕ್ಕಿನ ಎಡಗಡೆ ಬರೆದುಕೊಂಡೆ: ‘ಶಿಸ್ತಿನ ಮಾರುಕಟ್ಟೆ.’

ನನ್ನ ಹೆಂಡತಿ ಏಳನೇ ಇಯತ್ತೆ ಓದಿದವಳು. ಅವಳ ಹತ್ತಿರ ನೋಟ್‌ಬುಕ್ ಇರಲಿಲ್ಲ. ದಿನಾ ಹಡಗುಕಟ್ಟೆಯ ಬೆಂಚಿನ ಮೇಲೆ ಕೂತು ನೀರು ನೋಡುತ್ತಿದ್ದಳು. ಆ ಜಾಗಕ್ಕೆ ಲಾಂಡುಂಗ್ಸ್‌ಬ್ರ್ಯೂಕನ್ ಎಂದು ಹೆಸರು. ಸುಮಾರು 700 ಮೀಟರ್ ಉದ್ದದ ಕಟ್ಟೆ, ದಡದಿಂದ ಅದಕ್ಕೆ ಇಳಿಯಲು ಕಬ್ಬಿಣದ ಸೇತುವೆಗಳು. ಬೆಳಿಗ್ಗೆ ಹೋದಾಗ ಸೇತುವೆ ಕಡಿದಾಗಿ ಕೆಳಗಿಳಿದಿತ್ತು. ಹೆಂಡತಿ ಕಂಬಿ ಹಿಡಿದುಕೊಂಡು ಇಳಿದಳು. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಬಂದರೆ ಅದೇ ಸೇತುವೆ ಹೆಚ್ಚುಕಡಿಮೆ ನೆಲದ ಮಟ್ಟಕ್ಕೆ ಮಲಗಿತ್ತು. ನಾನು ಬೆರಗಾದೆ. ಅವಳು ಎದುರಿನ ಕಲ್ಲುಗೋಡೆಯ ಮೇಲೆ ಆಳೆತ್ತರಕ್ಕೆ ಹತ್ತಿದ್ದ ಹಸಿರು ಪಾಚಿಯ ಗೆರೆ ತೋರಿಸಿ, “ನೀರು ಇಲ್ಲೀತನಕಾ ಏರತೈತಿ ಅನಸತೈತಿ” ಅಂದಳು. “ನಿನಗೇನ್ ತಿಳೀತೈತಿ, ಇದು ಮಷೀನ್” ಎಂದೆ. ಎಡಗಡೆ ಬರೆದುಕೊಂಡೆ: ‘ವೃದ್ಧರಿಗೆ, ಅಂಗವಿಕಲರಿಗೆ ಅನುಕೂಲವಾಗಲೆಂದು ಇಡೀ ಕಟ್ಟೆಯನ್ನೇ ಯಂತ್ರದಿಂದ ದಿನಕ್ಕೆರಡು ಸಲ ಎತ್ತಿ ಇಳಿಸುತ್ತಾರೆ.’ ಅದೇ ಮುಂದೆ 27ನೇ ಪುಟವಾಯಿತು.

ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎಂಬತ್ತರ ಹತ್ತಿರದ ವಯಸ್ಸು. ಮೂಲ ಊರು ಪಶ್ಚಿಮಕ್ಕೆ, ಉತ್ತರ ಸಮುದ್ರದ ದಂಡೆಯ ಓಸ್ಟ್‌ಫ್ರೀಸ್‌ಲಾಂಡ್ ಎಂದು ಮಗಳು ತಿಳಿಸಿ ಹೇಳಿದಳು. ಒಂದು ಸಂಜೆ ಚಹಕ್ಕೆ ಕರೆದರು. ಅವರ ಚಹದ ಸಡಗರ ನಾನು ಮರೆಯುವುದಿಲ್ಲ. ತೆಳ್ಳನೆಯ ಪಿಂಗಾಣಿ ಬಟ್ಟಲಿಗೆ ಮೊದಲು ದೊಡ್ಡದೊಂದು ಕಲ್ಲುಸಕ್ಕರೆ ಹರಳು. ಅದರ ಮೇಲೆ ಬಿಸಿ ಚಹ ಸುರಿದರೆ ಹರಳು ಚಟ್ ಎಂದು ಬಿರಿಯುತ್ತದೆ. ಅಜ್ಜಿ ಬೆರಳೆತ್ತಿ ಆ ಸದ್ದು ಕೇಳಿಸಿಕೊಳ್ಳಲು ಹೇಳಿದರು. ಆಮೇಲೆ ಪುಟ್ಟ ಚಮಚದಿಂದ ಹಾಲಿನ ಕೆನೆ ಬಟ್ಟಲಿನ ಅಂಚಿಗೆ ಜಾರಿಬಿಡುತ್ತಾರೆ, ಅದು ಕೆಳಗಿಳಿದು ಮೋಡದಂತೆ ಮೇಲೇಳುತ್ತದೆ. ಕದಡುವ ಹಾಗಿಲ್ಲ. ಮೊದಲು ಕೆನೆ, ನಡುವೆ ಕಹಿ, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯದೆ ಏಳುವುದು ಅಲ್ಲಿ ಮರ್ಯಾದೆಯಲ್ಲ.

ಅಜ್ಜಿ ಕೇಳಿದರು: ನಿಮ್ಮ ಊರು ಹೇಗಿದೆ? ನಿಮ್ಮ ಭಾಷೆ ಯಾವುದು? ನಾನು ಊರು ಚಿಕ್ಕದು, ಒಂದು ಹಳೆಯ ಗುಡಿ ಇದೆ, ಭತ್ತ ಬೆಳೆಯುತ್ತಾರೆ ಎಂದೆ. ಭಾಷೆ ಕನ್ನಡ, ಬಹಳ ಹಳೆಯದು ಎಂದೆ. ಮಗಳು ಅಷ್ಟನ್ನೇ ಜರ್ಮನ್‌ಗೆ ತಿರುಗಿಸಿದಳು. ಅಜ್ಜಿ ಇನ್ನೂ ಏನೋ ಬರುತ್ತದೆಂದು ನನ್ನ ಮುಖ ನೋಡುತ್ತ ಕಾದರು. ಬರಲಿಲ್ಲ.

ಹೊರಡುವ ಎರಡು ದಿನ ಮುಂಚೆ ಊರ ನಡುವೆ ಒಂದು ಇಗರ್ಜಿ ನೋಡಿದೆವು. ನೋಡಿದೆವು ಎನ್ನುವುದೂ ಹೆಚ್ಚಾಯಿತು, ಎದುರಿಗೆ ಹಾದುಹೋದೆವು. ಕತ್ತೆತ್ತಿದರೆ ಟೊಪ್ಪಿಗೆ ಬೀಳುವಷ್ಟು ಎತ್ತರದ ಗೋಪುರ, 147 ಮೀಟರ್. ಬುಡದಲ್ಲಿ ಮಾತ್ರ ಗುಡಿಯೇ ಇಲ್ಲ: ಚಾವಣಿ ಇಲ್ಲ, ಮುರುಕು ಗೋಡೆ, ಬಯಲು. ಒಳಗೆ ಹೋಗಲು ಟಿಕೆಟ್ ಇತ್ತು. ಯೂರೋವನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ಮುರುಕು ಗೋಡೆ ನೋಡಲು ಇಷ್ಟು ದುಡ್ಡೇ ಎಂದು ಹೊರಗಿನಿಂದಲೇ ಫೋಟೊ ತೆಗೆಸಿಕೊಂಡೆ. ನಗುತ್ತ ನಿಂತಿದ್ದೇನೆ. ಆ ಫೋಟೊ 41ನೇ ಪುಟದಲ್ಲಿದೆ.

ಊರಿಗೆ ಬಂದ ಮೇಲೆ ಮೂರು ತಿಂಗಳಲ್ಲಿ ಪುಸ್ತಕ ಬಂತು. ಹಾನಗಲ್ಲಿನಲ್ಲೇ ಮೊದಲ ಭಾಷಣ. ಹಳೆಯ ವಿದ್ಯಾರ್ಥಿಗಳೇ ತುಂಬಿದ್ದ ಸಭೆ. ಯಂತ್ರದಿಂದ ಏರಿಳಿಯುವ ಕಟ್ಟೆಯ ಕಥೆಗೆ ಚಪ್ಪಾಳೆ ಬಿತ್ತು. ‘ಅಲ್ಲಿ’ ಎಂದಾಗ ದನಿ ಏರಿಸುವುದು, ‘ಇಲ್ಲಿ’ ಎಂದಾಗ ನಿಟ್ಟುಸಿರು ಬಿಡುವುದು, ಈ ಲಯ ನನಗೆ ಅಂದೇ ಕೈವಶವಾಯಿತು. ನಮ್ಮ ಜನಕ್ಕೆ ನಮ್ಮನ್ನು ಬೈದರೆ ಖುಷಿ. ಬೈಯುವವನು ವಿಮಾನ ಹತ್ತಿ ಬಂದಿದ್ದರಂತೂ ಕೇಳುವುದೇ ಬೇಡ.

ಎರಡನೆಯದು ಹಿರೇಕೆರೂರು. ಸರ್ವಜ್ಞನ ಊರೆಂದು ಹೆಸರಾದ ಅಬಲೂರು ಇರುವ ತಾಲ್ಲೂಕು. ಅಲ್ಲಿ ನಾನು ಸರ್ವಜ್ಞನಾಗಲು ಹೋದೆ. ಕಟ್ಟೆಯ ಕಥೆ ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಒಬ್ಬ ತರುಣ ಎದ್ದುನಿಂತ. ಬ್ಯಾಂಕಿನಲ್ಲಿ ಕೆಲಸಕ್ಕಿರುವವನಂತೆ, ಕುಮಟಾ ಕಡೆಯವನು. “ಸರ್, ಅದು ಮಷೀನ್ ಅಲ್ಲ, ಭರತಿ ಇರ್ಬೇಕು. ಕಟ್ಟೆ ತೇಲ್ತದೆ. ನೀರು ಏರಿದಾಗ ಏರ್ತದೆ, ಇಳಿದಾಗ ಇಳೀತದೆ.” ನಾನು ನಕ್ಕೆ. “ತಮ್ಮಾ, ಅಲ್ಲಿ ಸಮುದ್ರ ಇಲ್ಲ. ಅದು ನದಿ. ನದಿಗೆಲ್ಲಿ ಭರತಿ?” ಎಂದೆ. ಸಭೆಯೂ ನಕ್ಕಿತು. ಆ ಹುಡುಗ ಸಿಟ್ಟಾಗಲಿಲ್ಲ. “ನಮ್ಮ ಅಘನಾಶಿನೀನೂ ನದಿಯೇ ಸರ್. ಭರತಿ ನೀರು ಒಳಗೆ ನುಗ್ಗಿ ಗಜನಿ ಗದ್ದೆಗೆ ಹತ್ತೋದು ನಾವು ದಿನಾ ನೋಡ್ತೇವೆ” ಎಂದು ಕೂತುಬಿಟ್ಟ.

ರಾತ್ರಿ ಮನೆಗೆ ಬಂದು ಅಳಿಯನಿಗೆ ಫೋನ್ ಮಾಡಿದೆ. ಆತ ಹೇಳಿದ್ದು ಕೇಳಿ: ಹ್ಯಾಂಬರ್ಗ್ ಸಮುದ್ರದಿಂದ 100 ಕಿಲೋಮೀಟರಿಗೂ ಹೆಚ್ಚು ಒಳಗಿದ್ದರೂ ಸಮುದ್ರದ ಉಬ್ಬರ ಎಲ್ಬೆಯೊಳಗೆ ಅಲ್ಲಿಯವರೆಗೆ ಏರಿ ಬರುತ್ತದೆ. ದಿನಕ್ಕೆರಡು ಸಲ ನೀರು ಮೂರೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಕಟ್ಟೆ ತೇಲುವ ಪೆಟ್ಟಿಗೆಗಳ ಮೇಲಿದೆ. ಎಂಜಿನೂ ಇಲ್ಲ, ಯಂತ್ರವೂ ಇಲ್ಲ. “ಮಾವಾ, ಆ ಏರಿಳಿತ ಆಟದ ವಿಷಯ ಅಲ್ಲ. 1962ರ ಫೆಬ್ರುವರಿ 16ರ ರಾತ್ರಿ ಬಿರುಗಾಳಿ ಸಮುದ್ರದ ನೀರನ್ನ ನದಿಯೊಳಗೆ ದೂಡಿ ತಂತು, ಏರಿ ಒಡೆದವು, ಈ ಊರಾಗ 315 ಮಂದಿ ಸತ್ತರು. ಬಂದರಿನ ದಂಡಿಗುಂಟ ದೊಡ್ಡ ಗೋಡೆ ನೋಡಿದ್ರಲ್ಲ, ನೀವು ಅದರ ಮ್ಯಾಲೆ ಕೂತು ಶೇಂಗಾ ತಿಂದ್ರಿ” ಎಂದ. ಹೌದು, ತಿಂದಿದ್ದೆ. ‘ವಿಹಾರಕ್ಕೆ ಸುಂದರ ಕಟ್ಟೆ’ ಎಂದು ಬರೆದಿದ್ದೆ. ಫೋನಿನ ಮಾತು ಹೆಂಡತಿಯ ಕಿವಿಗೂ ಬಿದ್ದಿತ್ತು. ಅವಳು ಏನೂ ಅನ್ನಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಟ್ಟೆಯ ಕಥೆ ಬಿಟ್ಟು ಉಳಿದದ್ದು ಹೇಳಿದರಾಯಿತು ಎಂದುಕೊಂಡೆ. ಮೂರನೆಯ ಭಾಷಣ ಶಿಗ್ಗಾಂವಿಯಲ್ಲಿ. ಕನಕದಾಸರ ಬಾಡ ಗ್ರಾಮ, ಷರೀಫರ ಶಿಶುನಾಳ ಎರಡನ್ನೂ ನೆನೆದು, ಅಲ್ಲಿಂದ ನೇರ ಹ್ಯಾಂಬರ್ಗಿಗೆ ಹಾರಿದೆ. “ಅಲ್ಲಿ ಸರ್ಕಾರದ ಕಟ್ಟಡ ಎಂದರೆ ಹೇಳಿದ ದಿನಕ್ಕೆ, ಹೇಳಿದ ದುಡ್ಡಿನಲ್ಲಿ ಮುಗಿಯುತ್ತದೆ” ಎಂದು ಬಂದರಿನ ಅಂಚಿನಲ್ಲಿ ಗಾಜಿನ ಅಲೆಯಂತೆ ಎದ್ದುನಿಂತ ಸಂಗೀತ ಮಂದಿರದ ಚಿತ್ರ ತೋರಿಸಿದೆ. ಎಲ್ಬ್‌ಫಿಲ್‌ಹಾರ್ಮೊನಿ. ಹಳೆಯ ಕೋಕೋ, ಚಹ, ತಂಬಾಕಿನ ಉಗ್ರಾಣದ ನೆತ್ತಿಯ ಮೇಲೆ ಕಟ್ಟಿದ್ದು. (ಆಮೇಲೆ ಅಳಿಯನಿಂದಲೇ ತಿಳಿಯಿತು: ಅದು 2010ಕ್ಕೆ ಮುಗಿಯಬೇಕಿತ್ತು, ತೆರೆದದ್ದು 2017ರ ಜನವರಿಯಲ್ಲಿ. ಊರಿನ ಬೊಕ್ಕಸಕ್ಕೆ ಮೊದಲು ಹೇಳಿದ್ದು 77 ದಶಲಕ್ಷ ಯೂರೋ, ಕೊನೆಗೆ ಬಿದ್ದದ್ದು 789. ನಾನು ಶಿಸ್ತಿಗೆ ಉದಾಹರಣೆಯಾಗಿ ಆರಿಸಿದ್ದು ಆ ಊರಿನ ಜನ ವರ್ಷಗಟ್ಟಲೆ ಬೈದ ಕಾಮಗಾರಿಯನ್ನು.)

ಶಿಗ್ಗಾಂವಿಯಲ್ಲಿ ಪೆಟ್ಟು ಬಿದ್ದದ್ದು ಅದಕ್ಕಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಯೊಬ್ಬಳು ಕೈ ಎತ್ತಿದಳು. “ಸರ್ರ, ಕಿಟೆಲ್ ಹುಟ್ಟಿದ ಊರು ಹ್ಯಾಂಬರ್ಗಿನಿಂದ ಎಷ್ಟು ದೂರ ಆಗತೈತ್ರಿ? ನೀವು ಹೋಗಿದ್ರೇನ್ರಿ?” ಕನ್ನಡ ನಿಘಂಟಿನ ಕಿಟೆಲ್ ಹೆಸರು ಕೇಳಿ ನನ್ನ ಎದೆ ಉಬ್ಬಿತು, ಇದು ನನ್ನ ವಿಷಯವಲ್ಲವೆ! “ಇಲ್ಲಮ್ಮಾ, ಕಿಟೆಲ್ ಬಾಸೆಲ್‌ನವರು. ಅದು ಸ್ವಿಟ್ಜರ್‌ಲೆಂಡಿನಲ್ಲಿದೆ” ಎಂದೆ. ಹುಡುಗಿ ಮೆಲ್ಲಗೆ, ನನಗೆ ಅವಮಾನವಾಗದಿರಲೆಂಬಂತೆ ಹೇಳಿದಳು: “ಬಾಸೆಲ್ ಅವರನ್ನ ಕಳಿಸಿದ ಮಿಷನ್ನಿನ ಊರ್ರೀ ಸರ್ರ. ಹುಟ್ಟಿದ್ದು ರೆಸ್ಟರ್‌ಹಾಫ. ಓಸ್ಟ್‌ಫ್ರೀಸ್‌ಲಾಂಡ್ ಅಂತಾರಲ್ರಿ, ಅಲ್ಲಿ.”

ಮೈಕಿನ ಮುಂದೆ ನಿಂತವನಿಗೆ ಕಲ್ಲುಸಕ್ಕರೆ ಚಟ್ ಎಂದದ್ದು ಕೇಳಿಸಿತು.

ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಆ ಅಜ್ಜಿಯ ಸೀಮೆಯಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. 1853ರಲ್ಲಿ ಇಲ್ಲಿಗೆ ಬಂದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70 ಸಾವಿರ ಶಬ್ದಗಳಿವೆ. ಆ ನಿಘಂಟು ನಮ್ಮ ಶಾಲೆಯ ಕಪಾಟಿನಲ್ಲಿತ್ತು, ಕೀಲಿಕೈ ನನ್ನ ಜನಿವಾರದಂತೆ 31 ವರ್ಷ ನನ್ನ ಬಳಿಯೇ ಇತ್ತು. ಶಬ್ದ ಹುಡುಕಿದ್ದೆ, ಗಾದೆ ಹುಡುಕಿದ್ದೆ. ಇವನ್ನೆಲ್ಲ ಕೂಡಿಸಿದ ಮನುಷ್ಯ ಎಲ್ಲಿಂದ ಬಂದ ಎಂದು ಒಮ್ಮೆಯೂ ಕೇಳಿರಲಿಲ್ಲ. ಆತನ ನೆಲದ ಹೆಣ್ಣುಮಗಳ ಮನೆಯಲ್ಲಿ ಮೂರು ಬಟ್ಟಲು ಚಹ ಕುಡಿದು, ‘ನಮ್ಮ ಭಾಷೆಗೆ ದೊಡ್ಡ ನಿಘಂಟು ಮಾಡಿಕೊಟ್ಟವರು ನಿಮ್ಮೂರಿನವರು ತಾಯೀ’ ಎನ್ನುವ ಒಂದೇ ಒಂದು ಮಾತು ಹೇಳದೆ ಎದ್ದುಬಂದಿದ್ದೆ. ಅಜ್ಜಿ ಕಾದಿದ್ದರಲ್ಲ, ಆ ಮಾತಿಗೇ ಇರಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಾಗೇನೂ ಇರಲಾರದು, ಅವರಿಗೆ ಕಿಟೆಲ್ ಯಾರೆಂದು ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕಾದವನು ನಾನು. ಮರುವರ್ಷ ಮಗಳಿಗೆ ಹೇಳಿ ಆ ಮಾತು ಮುಟ್ಟಿಸೋಣವೆಂದರೆ ಅಜ್ಜಿ ತೀರಿಕೊಂಡಿದ್ದರು.

ನಾಲ್ಕನೆಯದು ಸವಣೂರು. ಮೊದಲೇ ಒಪ್ಪಿಕೊಂಡ ಕಾರ್ಯಕ್ರಮ, ತಪ್ಪಿಸಲಾಗಲಿಲ್ಲ. ಈ ಸಲ ಕಟ್ಟೆಯೂ ಇಲ್ಲ, ಶಿಸ್ತೂ ಇಲ್ಲ, ನಗಿಸುವ ಸಂಗತಿ ಮಾತ್ರ ಹೇಳೋಣ ಎಂದು 41ನೇ ಪುಟಕ್ಕೆ ಬಂದೆ. ಮುರುಕು ಇಗರ್ಜಿಯ ಮುಂದೆ ನಾನು ನಗುತ್ತಿರುವ ಫೋಟೊ. “ಜರ್ಮನಿಯವರೂ ನಮ್ಮಂಗ ಅದಾರ ನೋಡ್ರಿ! ಮುಗಿಲಿಗೆ ಮುಟ್ಟೂ ಗೋಪುರ ಕಟ್ಟ್ಯಾರ, ಕೆಳಗ ಚಾವಣಿ ಹಾಕಾಕ ರೊಕ್ಕ ಸಾಲಲಿಲ್ಲ” ಎಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹಿರಿಯರು ಮನೆಗೆ ಕರೆದೊಯ್ದರು. ಇತಿಹಾಸ ಕಲಿಸಿ ನಿವೃತ್ತರಾದವರು, ನನಗಿಂತ ಹತ್ತು ವರ್ಷ ದೊಡ್ಡವರು. ತಟ್ಟೆಯಲ್ಲಿ ಸವಣೂರು ಖಾರ ಇಟ್ಟರು, ಆಮೇಲೆ ಸವಣೂರಿನ ಎಲೆಯನ್ನು ತೊಡೆಯ ಮೇಲಿಟ್ಟು ತೊಟ್ಟು ಮುರಿಯುತ್ತ ಕೇಳಿದರು: “ಮಾಸ್ತರ್ರ, ಆ ಗುಡಿ ಒಳಗ ಹೋಗಿದ್ರೇನು?” ಇಲ್ಲ ಎಂದೆ. “ಮುಂಬೈ ಯೂನಿವರ್ಸಿಟಿಯ ರಾಜಾಬಾಯಿ ಗೋಪುರ ನೋಡೀರಿ?” ಅದನ್ನು ನೋಡಿದ್ದೆ. “ಎರಡನ್ನೂ ಬಿಡಿಸಿದಾಂವ ಒಬ್ಬನ, ಗಿಲ್ಬರ್ಟ್ ಸ್ಕಾಟ್ ಅಂತ. ನಮ್ಮ ಭಾಗ ಮುಂಬೈ ಇಲಾಖೆಯೊಳಗ ಇತ್ತಲ್ಲ, ನಮ್ಮ ಅಪ್ಪಾರ ಕಾಲದವರ ಸರ್ಟಿಫಿಕೇಟು ಆ ಗೋಪುರದ ಬುಡದಾಗಿಂದ ಬರತಿದ್ವು.” ಸುಣ್ಣ ಸವರಿದರು, ಎಲೆ ಮಡಿಚಿದರು, ನನ್ನ ಕೈಗೆ ಕೊಟ್ಟರು. ಆಮೇಲೆ ಹೇಳಿದರು.

ಸೇಂಟ್ ನಿಕೋಲಾಯ್ ಅದರ ಹೆಸರು. 1842ರ ದೊಡ್ಡ ಬೆಂಕಿಯಲ್ಲಿ ಹಳೆಯ ಇಗರ್ಜಿ ಸುಟ್ಟುಹೋಗಿ, ಹೊಸದು ಕಟ್ಟಿದಾಗ 1874ರಿಂದ ಎರಡು ವರ್ಷ ಅದರ ಗೋಪುರ ಜಗತ್ತಿಗೇ ಎತ್ತರದ್ದಾಗಿತ್ತು. ಎತ್ತರವೇ ಶಾಪವಾಯಿತು. 1943ರ ಜುಲೈ ಕೊನೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಹ್ಯಾಂಬರ್ಗಿನ ಮೇಲೆ ಹತ್ತು ದಿನ ಬಾಂಬು ಸುರಿದವು. ಆಕಾಶದಿಂದ ಗುರುತು ಹಿಡಿಯಲು ವಿಮಾನದವರಿಗೆ ಅನುಕೂಲವಾದದ್ದು ಇದೇ ಗೋಪುರ. ಬೆಂಕಿಯೇ ಬಿರುಗಾಳಿಯಾಗಿ ಓಣಿ ಓಣಿ ಸುತ್ತಿತು. ಸತ್ತವರು 30 ಸಾವಿರಕ್ಕೂ ಹೆಚ್ಚು. ಗುಡಿ ಹೋಯಿತು, ಗೋಪುರ ನಿಂತಿತು. ಆಮೇಲೆ ಊರಿನವರು ಅದನ್ನು ಮತ್ತೆ ಕಟ್ಟಲಿಲ್ಲ. ಸತ್ತವರ ನೆನಪಿಗೆ ಹಾಗೇ ಬಿಟ್ಟಿದ್ದಾರೆ. ನೆಲಮಾಳಿಗೆಯಲ್ಲಿ ಆ ದಿನಗಳ ವಸ್ತುಸಂಗ್ರಹಾಲಯವಿದೆ. ನಾನು ರೂಪಾಯಿ ಲೆಕ್ಕ ಹಾಕಿ ಬಿಟ್ಟುಬಂದ ಟಿಕೆಟ್ಟು ಅದರದು.

“ರೊಕ್ಕ ಸಾಲದ್ದಕ್ಕಲ್ಲರೀ ಚಾವಣಿ ಇಲ್ಲದ್ದು” ಎಂದರು ಹಿರಿಯರು. ಬಾಯಲ್ಲಿದ್ದ ಎಲೆ ನನಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು: “ಅದು ಅವರ ವೀರಗಲ್ಲು ಅಂತ ತಿಳೀರಿ. ನಿಮ್ಮ ಹಾನಗಲ್ಲಿನಾಗೂ ಅದಾವಲ್ಲ.”

ಅದಾವೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನನ್ನನ್ನು ದೊಡ್ಡ ಹುಣಸೆ ಮರಗಳ ಹತ್ತಿರ ಕರೆದೊಯ್ದರು. ಹುಣಸೆ ಎಂದರೂ ಅದು ನಮ್ಮ ಹುಣಸೆಯಲ್ಲ, ಬಾವೊಬಾಬ್, ಆಫ್ರಿಕದ ನೆಲದ ಮರ. ಮೂರಿವೆ. ಆನೆಯ ಮೈಯಂಥ ತೊಗಟೆ, ಎಂಟು ಹತ್ತು ಜನ ಕೈಕೈ ಹಿಡಿದು ನಿಂತರೂ ತಬ್ಬಲು ಸಾಲದ ಬುಡ. ಹಡಗು ಹತ್ತದೆ ಅದರ ಬೀಜ ಸವಣೂರಿಗೆ ಬಂದಿರಲಾರದು. ನಾನು ಹುಟ್ಟಿದ್ದು ಹತ್ತಿರದ ತಾಲ್ಲೂಕಿನಲ್ಲಿ. ಹ್ಯಾಂಬರ್ಗಿನ ಉದ್ಯಾನದ ಮರಗಳ ಬಗ್ಗೆ ಎರಡು ಪುಟ ಬರೆದಿದ್ದವನು 61 ವರ್ಷಕ್ಕೆ ಮೊದಲ ಸಲ ಈ ಮರ ಮುಟ್ಟಿದೆ. (2023ರ ಮಳೆಗಾಲದಲ್ಲಿ ಅದರಲ್ಲೊಂದು ಉರುಳಿಬಿತ್ತು. ಕ್ರೇನು ತರಿಸಿ ಎತ್ತಿ ಮತ್ತೆ ನೆಟ್ಟರು. ಸುದ್ದಿ ಓದಿ ಮರುದಿನವೇ ಹೋಗಿ ಬಂದೆ.)

ಹಾನಗಲ್ಲಿಗೆ ಮರಳಿದ ಮರುದಿನ ಬೆಳಿಗ್ಗೆ ತಾರಕೇಶ್ವರ ಗುಡಿಗೆ ಹೋದೆ. ಎಳೆಯವನಿದ್ದಾಗಿನಿಂದ ಹೋಗುವ ಗುಡಿ. ಮಂಟಪದ ನೆತ್ತಿಯಲ್ಲಿ ಕಲ್ಲಿನ ತಾವರೆ ತಲೆಕೆಳಗಾಗಿ ಇಳಿಬಿದ್ದಿದೆ. ಅದನ್ನು ಬರುವ ಪ್ರವಾಸಿಗರೆಲ್ಲ ನೋಡುತ್ತಾರೆ, ನಾನೂ ನೋಡಿದ್ದೇನೆ. ವೀರಗಲ್ಲಿನ ಮುಂದೆ ಮಾತ್ರ ನಿಂತದ್ದು ಅಂದೇ ಮೊದಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಆನೆ, ಕುದುರೆ, ಬಿದ್ದ ಆಳು. ಅದರ ಮೇಲೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಪಟ್ಟಿಗಳ ನಡುವೆ ಹಳಗನ್ನಡದ ಸಾಲುಗಳು. ನಾನು ಹಳಗನ್ನಡ ಕಲಿಸಿ ಸಂಬಳ ತೆಗೆದುಕೊಂಡವನು! ಅಂದು ಕೂತು ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿದೆ, ಅರ್ಧವೂ ದಕ್ಕಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ನಮ್ಮ ಆನೆಕೆರೆಯ ದಂಡೆಯಲ್ಲಿ ಪಾಳೆಯ ಬಿಟ್ಟು ಪಾನುಂಗಲ್ಲಿಗೆ, ಅಂದರೆ ಇದೇ ಹಾನಗಲ್ಲಿಗೆ, ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಪಡೆ ಎದುರು ನಿಂತು ಮೊದಲು ಅವನನ್ನು ಹಿಮ್ಮೆಟ್ಟಿಸಿತು. ಆ ಕಾಳಗದ ಸಂಗತಿ ಹೇಳುವುದು ಹಾನಗಲ್ಲಿನ ವೀರಗಲ್ಲೇ. ಆನೆಕೆರೆಯ ದಂಡೆಯ ಮೇಲೆ ನಾನು ದಿನಾ ಸಂಜೆ ವಾಕಿಂಗ್ ಹೋಗುತ್ತೇನೆ.

ನನ್ನ ನೋಟ್‌ಬುಕ್ ತೆಗೆದು ನೋಡಿದೆ. ವಿಮಾನದಲ್ಲಿ ತುಂಬಿದ ‘ಇಲ್ಲಿ’ ಕಾಲಮ್ಮಿನ ಆರು ಪುಟಗಳಲ್ಲಿ ಒಂದು ಸಾಲು ಹೀಗಿತ್ತು: ‘ಕೇಳುವವರಿಲ್ಲದ ಹಳೆಯ ಗುಡಿ.’ ಅಷ್ಟೂ ವರ್ಷ ಕೇಳದಿದ್ದವನು ಯಾರೆಂದು ಬರೆದಿರಲಿಲ್ಲ.

ಹಳೆಯ ಪುಸ್ತಕಗಳ ಕೊನೆಗೆ ‘ತಪ್ಪು–ಒಪ್ಪು’ ಎಂದು ಒಂದು ಪಟ್ಟಿ ಅಂಟಿಸಿರುತ್ತಿದ್ದರು. ನಾನೂ ಒಂದು ಮಾಡಿಸಿದೆ, ಅಂಗೈಯಗಲದ ಚೀಟಿ. 128 ಪ್ರತಿ ಹಂಚಿದ ಮನೆಗಳನ್ನು ನೆನಪಿಸಿಕೊಂಡು ಬಸ್ಸು ಹತ್ತಿ ಹೋಗಿ ಅಂಟಿಸತೊಡಗಿದೆ. ಹೆಚ್ಚಿನವರು ಪುಸ್ತಕ ತೆರೆದೇ ಇರಲಿಲ್ಲ, ಅದರಿಂದ ಸಮಾಧಾನವೂ ಆಯಿತು, ಹೊಟ್ಟೆ ಉರಿಯಿತು ಕೂಡ. ಹಿರೇಕೆರೂರಿನ ಬ್ಯಾಂಕಿಗೆ ಹೋದಾಗ ಆ ಕುಮಟೆಯ ಹುಡುಗನಿಗೆ ವರ್ಗವಾಗಿತ್ತು. ಶಿಗ್ಗಾಂವಿಯ ಹುಡುಗಿ ಸಿಕ್ಕಳು, ಚೀಟಿ ಓದಿ, “ಇದನ್ನ ಪುಸ್ತಕದ ಮೊದಲ ಪುಟಕ್ಕ ಅಂಟಸರಿ ಸರ್ರ” ಎಂದಳು. ಹಾಗೇ ಮಾಡಿದೆ. ಇಲ್ಲಿಯವರೆಗೆ 83 ಪ್ರತಿಗಳಿಗೆ ಅಂಟಿಸಿದ್ದೇನೆ. 45 ಸಿಕ್ಕಿಲ್ಲ. ಕೆಲವು ಊರ ಗ್ರಂಥಾಲಯಗಳಿಗೆ ಹೋಗಿವೆಯಂತೆ, ಕೆಲವು ಶಾಲೆಗಳಲ್ಲಿ ಬಹುಮಾನವಾಗಿ ಮಕ್ಕಳ ಕೈ ಸೇರಿವೆಯಂತೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನೀಲಿ ರಕ್ಷಾಪುಟದ, ಹಡಗಿನ ಚಿತ್ರದ ಆ ಪುಸ್ತಕ ನಿಮ್ಮ ಕಣ್ಣಿಗೆ ಬಿದ್ದರೆ ಪೆನ್ನು ತೆಗೆಯಿರಿ. 27ನೇ ಪುಟದಲ್ಲಿ ‘ಯಂತ್ರದಿಂದ’ ಎಂಬುದನ್ನು ಹೊಡೆದು ‘ಭರತಿಯಿಂದ’ ಎಂದು ಬರೆಯಿರಿ, ಪಾಚಿಯ ಗೆರೆ ಮೊದಲು ಕಂಡದ್ದು ನನ್ನ ಹೆಂಡತಿಗೆ ಎಂದು ಅಂಚಿನಲ್ಲಿ ಸೇರಿಸಿದರೆ ಉಪಕಾರ. 33ನೇ ಪುಟದಲ್ಲಿ ಸಂಗೀತ ಮಂದಿರ ‘ಹೇಳಿದ ದಿನಕ್ಕೆ’ ಮುಗಿಯಿತೆಂಬ ಸಾಲು ಪೂರ್ತಿ ಹೊಡೆಯಿರಿ. 41ನೇ ಪುಟದಲ್ಲಿ ತಿದ್ದುವಂಥದ್ದೇನೂ ಇಲ್ಲ. ಅದನ್ನು ಹರಿದುಬಿಡಿ.